ಮಕ್ಕಳ ಔದ್ಯೋಗಿಕ ಚಿಕಿತ್ಸೆ

ಮಕ್ಕಳ ಔದ್ಯೋಗಿಕ ಚಿಕಿತ್ಸೆಯು ಉಣ್ಣುವುದು, ಉಡುವುದು, ಮೀಯುವುದು, ಬರೆಯುವುದು, ಆಡುವುದು ಮೊದಲಾದ ದಿನಬಳಕೆಯ ಕೆಲಸಗಳಲ್ಲಿ ತೊಡಕು ಅನುಭವಿಸುವ ಮಗುವಿಗೆ ಆ ಕೆಲಸಗಳ ಮೂಲಕವೇ ತರಬೇತಿ ನೀಡುವ ಆರೋಗ್ಯ ಸೇವೆ. ಅಗತ್ಯವಿದ್ದಲ್ಲಿ ಕೆಲಸದ ಕ್ರಮವನ್ನೂ ಸಲಕರಣೆಯನ್ನೂ ಮನೆಯ ಏರ್ಪಾಟನ್ನೂ ಬದಲಿಸಿ, ಮಗು ಆದಷ್ಟು ಸ್ವಂತವಾಗಿ ನಡೆದುಕೊಳ್ಳುವಂತೆ ಮಾಡುವುದು ಇದರ ಗುರಿ. ಮಗುವಿನ ದಿನವನ್ನು ತುಂಬುವ ಎಲ್ಲ ಚಟುವಟಿಕೆಯನ್ನೂ ಈ ಶಾಸ್ತ್ರ ಉದ್ಯೋಗವೆಂದೇ ಎಣಿಸುತ್ತದೆ. ಆಸ್ಪತ್ರೆಗಳಲ್ಲಿ ಆಕ್ಯುಪೇಷನಲ್ ಥೆರಪಿ ಅಥವಾ ಓ.ಟಿ. ಎಂಬ ಹೆಸರು ರೂಢಿಯಲ್ಲಿದೆ. ಫಿಸಿಯೋಥೆರಪಿಯ ಗಮನ ಮುಖ್ಯವಾಗಿ ಸ್ನಾಯು, ಕೀಲು, ನಡಿಗೆಗಳ ಮೇಲಿದ್ದರೆ, ಔದ್ಯೋಗಿಕ ಚಿಕಿತ್ಸೆ ಆ ಶಕ್ತಿಯನ್ನು ಮಗು ಯಾವ ಕೆಲಸಕ್ಕೆ ಬಳಸುತ್ತದೆ ಎಂಬುದನ್ನು ನೋಡುತ್ತದೆ.

ದಿನಬಳಕೆಯ ಕೆಲಸಗಳು ಊರಿಂದೂರಿಗೆ ಬೇರೆ. ಹಾಗಾಗಿ ಪಠ್ಯಪುಸ್ತಕದ ಚಮಚ, ಫೋರ್ಕು, ಶೂ ಲೇಸುಗಳು ಎಲ್ಲ ಕಡೆಗೂ ಒಗ್ಗುವುದಿಲ್ಲ. ಈ ಲೇಖನವು ಉತ್ತರ ಕನ್ನಡ ಜಿಲ್ಲೆಯ ಸೋಂದಾ ಸ್ವರ್ಣವಲ್ಲಿಯ ಸುತ್ತಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮನೆ, ಶಾಲೆ, ಅಂಗಳಗಳನ್ನು ಮುಂದಿಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ.

ಹುಟ್ಟು ಮತ್ತು ಬೆಳವಣಿಗೆ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಫಿಲಿಪ್ ಪಿನೆಲ್ ಮೊದಲಾದವರು ಮಾನಸಿಕ ರೋಗಿಗಳನ್ನು ಸರಪಳಿಯಿಂದ ಬಿಡಿಸಿ ಕೆಲಸದಲ್ಲಿ ತೊಡಗಿಸುವ ಪದ್ಧತಿ ತಂದರು. ಇದೇ ಈ ಚಿಕಿತ್ಸೆಯ ಬೇರು. ಸ್ವತಂತ್ರ ವೃತ್ತಿಯಾಗಿ ಅದು ರೂಪುಗೊಂಡದ್ದು 1917ರ ಮಾರ್ಚ್‌ನಲ್ಲಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಜಾರ್ಜ್ ಬಾರ್ಟನ್, ವಿಲಿಯಂ ಡಂಟನ್, ಎಲೀನರ್ ಕ್ಲಾರ್ಕ್ ಸ್ಲಾಗಲ್ ಮುಂತಾದವರು ಸೇರಿ ಆಗ ಮೊದಲ ಸಂಘವನ್ನು ಕಟ್ಟಿದರು. ಮೊದಲ ಮಹಾಯುದ್ಧದ ಗಾಯಾಳುಗಳಿಂದ ವೃತ್ತಿಗೆ ಮನ್ನಣೆ ದೊರೆಯಿತು. ಪೋಲಿಯೊ ಪಿಡುಗು ಅದನ್ನು ಮಕ್ಕಳ ವಾರ್ಡಿಗೆ ತಂದಿತು. 1940ರ ದಶಕದಿಂದ ಲಂಡನ್ನಿನಲ್ಲಿ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ ಮಿದುಳು ವಾತದ (ಸೆರೆಬ್ರಲ್ ಪಾಲ್ಸಿ) ಮಕ್ಕಳಿಗಾಗಿ ಒಂದು ಕ್ರಮವನ್ನು ರೂಪಿಸಿದರು. ಕ್ಯಾಲಿಫೋರ್ನಿಯಾದ ಜೀನ್ ಏರ್ಸ್ (1920–1988) ಸ್ಪರ್ಶ, ಸದ್ದು, ಚಲನೆಗಳ ಅನುಭವವನ್ನು ಮಿದುಳು ಹೊಂದಿಸಿಕೊಳ್ಳುವ ಬಗೆಯನ್ನು ಕುರಿತ ಇಂದ್ರಿಯ ಸಮನ್ವಯ ಸಿದ್ಧಾಂತದ ಮೇಲಿನ ತಮ್ಮ ಗ್ರಂಥವನ್ನು 1972ರಲ್ಲಿ ಪ್ರಕಟಿಸಿದರು. 1975ರ ಅಮೆರಿಕದ ಶಿಕ್ಷಣ ಕಾಯಿದೆಯಿಂದ ಚಿಕಿತ್ಸಕರು ಶಾಲೆಯ ಒಳಗೂ ಕೆಲಸ ಮಾಡತೊಡಗಿದರು.

ಭಾರತಕ್ಕೆ ಈ ವಿದ್ಯೆಯನ್ನು ತಂದವರು ಅಮೆರಿಕದಲ್ಲಿ ಹುಟ್ಟಿ ಮುಂಬಯಿಯ ಸೊಸೆಯಾದ ಕಮಲಾ ನಿಂಬ್ಕರ್. ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ತರಬೇತಿ ಶಾಲೆ ತೆರೆದರು. ಅಖಿಲ ಭಾರತ ಔದ್ಯೋಗಿಕ ಚಿಕಿತ್ಸಕರ ಸಂಘ 1952ರಲ್ಲಿ ಹುಟ್ಟಿತು. ಅದೇ ವರ್ಷ ರಚನೆಯಾದ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲಿ ಭಾರತವೂ ಒಂದು. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (1965), ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ (1982) ಈ ಸೇವೆ ಒದಗಿಸುವ ಸಂಸ್ಥೆಗಳಲ್ಲಿ ಮುಖ್ಯವಾದವು. ಮಣಿಪಾಲದಲ್ಲಿ ಪದವಿ ಶಿಕ್ಷಣವೂ ಇದೆ.

ಯಾವ ಮಕ್ಕಳಿಗೆ

ಮಿದುಳು ವಾತ, ಬುದ್ಧಿಮಾಂದ್ಯ, ಆಟಿಸಂ, ಡೌನ್ ಸಿಂಡ್ರೋಮ್, ಸ್ನಾಯುಕ್ಷಯ, ಬೆನ್ನುಹುರಿಯ ಜನ್ಮದೋಷ, ಕಲಿಕಾ ನ್ಯೂನತೆ ಇರುವ ಮಕ್ಕಳಿಗೂ, ಅವಧಿಗೆ ಮುನ್ನ ಹುಟ್ಟಿ ಬೆಳವಣಿಗೆ ಹಿಂದುಳಿದ ಶಿಶುಗಳಿಗೂ ಈ ಚಿಕಿತ್ಸೆ ಬೇಕಾಗುತ್ತದೆ. ಇವರಲ್ಲದೆ, ನೋಡಲು ಯಾವ ಕಾಯಿಲೆಯೂ ಇಲ್ಲದ, ಆದರೆ ಗುಂಡಿ ಹಾಕಲು ತಡವರಿಸುವ, ಚೆಂಡು ಹಿಡಿಯಲಾಗದ, ಬರಹ ಓದಲಾಗದಷ್ಟು ಗೋಜಲಾದ ಮಕ್ಕಳ ಗುಂಪೊಂದಿದೆ. ಇವರ ತೊಂದರೆಯನ್ನು ಚಲನ ಹೊಂದಾಣಿಕೆಯ ತೊಡಕು ಎನ್ನುತ್ತಾರೆ. ಶಾಲಾ ವಯಸ್ಸಿನ ನೂರು ಮಕ್ಕಳಲ್ಲಿ ಐದಾರು ಮಂದಿಗೆ ಇದು ಇರುತ್ತದೆ ಎಂಬುದು ಅಂಗೀಕೃತ ಅಂದಾಜು. ಮನೆಯಲ್ಲಿ ಸೋಮಾರಿ, ಶಾಲೆಯಲ್ಲಿ ದಡ್ಡ ಎಂಬ ಹೆಸರು ಹೊತ್ತು ಬೆಳೆಯುವ ಇಂಥ ಮಕ್ಕಳು ಚಿಕಿತ್ಸಕರ ಕಣ್ಣಿಗೆ ಬೀಳುವುದೇ ಕಡಿಮೆ.

ಪರೀಕ್ಷೆ ಮತ್ತು ಗುರಿ

ಮೊದಲ ಹೆಜ್ಜೆ ಮಗುವಿನ ಒಂದು ದಿನದ ಲೆಕ್ಕ ಬರೆಯುವುದು: ಎದ್ದಲ್ಲಿಂದ ಮಲಗುವವರೆಗೆ ಯಾವ ಕೆಲಸ ತಾನೇ ಮಾಡುತ್ತದೆ, ಯಾವುದಕ್ಕೆ ಕೈ ಹಿಡಿಸಬೇಕು, ಯಾವುದನ್ನು ತಾಯಿಯೇ ಮಾಡಿಕೊಡುತ್ತಾಳೆ. ಬಳಿಕ ಸ್ನಾಯುವಿನ ಬಿಗಿತ, ಕುತ್ತಿಗೆ ಮತ್ತು ಸೊಂಟದ ನಿಲುವು, ಬೆರಳ ಹಿಡಿತ, ಕಣ್ಣು-ಕೈ ಹೊಂದಾಣಿಕೆ, ಗಮನ, ಸ್ಪರ್ಶ-ಸದ್ದುಗಳಿಗೆ ತೋರುವ ಪ್ರತಿಕ್ರಿಯೆಗಳ ಪರೀಕ್ಷೆ ನಡೆಯುತ್ತದೆ. ವಯಸ್ಸಿನ ಅಳತೆಗಳು ಸ್ಥೂಲವಾಗಿ ಹೀಗಿವೆ: ಹೆಬ್ಬೆರಳು-ತೋರುಬೆರಳ ತುದಿಯಿಂದ ಮಂಡಕ್ಕಿಯ ಕಾಳು ಹೆಕ್ಕುವುದು ಹತ್ತು ತಿಂಗಳ ಆಸುಪಾಸು, ವೃತ್ತ ನೋಡಿ ಬರೆಯುವುದು 3 ವರ್ಷ, ಕೂಡಿಸು ಗುರುತು 4 ವರ್ಷ, ತ್ರಿಕೋನ 5 ವರ್ಷ, ಅಂಗಿಯ ಗುಂಡಿ 4ರಿಂದ 5 ವರ್ಷ.

ಗುರಿಯನ್ನು ಮನೆಯವರೂ, ಸಾಧ್ಯವಾದರೆ ಮಗುವೂ ಸೇರಿ ಆರಿಸಬೇಕು. ‘ಕೈಯ ಬಲ ಹೆಚ್ಚಬೇಕು’ ಎಂಬುದು ಗುರಿಯಾಗದು. ‘ಮೂರು ತಿಂಗಳೊಳಗೆ ತಾನೇ ತಂಬಿಗೆಯಿಂದ ನೀರು ಹೊಯ್ದುಕೊಳ್ಳಬೇಕು’ ಎಂಬುದು ಗುರಿ. 1968ರಲ್ಲಿ ಕಿರೆಸುಕ್ ಮತ್ತು ಶರ್ಮನ್ ರೂಪಿಸಿದ ಗುರಿಸಾಧನೆಯ ಮಾಪಕ, 1990ರ ದಶಕದ ಆರಂಭದಿಂದ ಬಳಕೆಯಲ್ಲಿರುವ ಕೆನಡಾದ ಔದ್ಯೋಗಿಕ ಕಾರ್ಯಸಾಮರ್ಥ್ಯ ಮಾಪಕಗಳು ಇಂಥ ಗುರಿಗಳನ್ನು ಅಂಕಗಳಲ್ಲಿ ಅಳೆಯುತ್ತವೆ.

ಮಾತಿನ ಆಯ್ಕೆಯೂ ಪರೀಕ್ಷೆಯ ಭಾಗ. ಈ ಸೀಮೆಯಲ್ಲಿ ಹವ್ಯಕ ಕನ್ನಡದ ಮನೆಗಳ ಜೊತೆಗೆ, ಕೊಂಕಣಿಯ ಒಂದು ಬಗೆಯನ್ನಾಡುವ ಸಿದ್ದಿಗಳು, ಕುಣಬಿಗಳು, ಮರಾಠಿಗೆ ಹತ್ತಿರದ ಮಾತಿನ ಗೌಳಿಗಳು ಇದ್ದಾರೆ. ಪುಸ್ತಕದ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಸುಮ್ಮನಿರುವ ಮಗು ಮನೆಮಾತಿನಲ್ಲಿ ಹೇಳಿದ ಕೂಡಲೇ ಕೆಲಸ ಮಾಡಿ ತೋರಿಸಬಹುದು. ಮಾತು ತಿಳಿಯದಿರುವುದನ್ನು ಬುದ್ಧಿಯ ಕೊರತೆಯೆಂದು ದಾಖಲಿಸುವ ಅಪಾಯ ಇಲ್ಲಿ ಹೆಚ್ಚು.

ಕಲಿಸುವ ಕ್ರಮ

ಎಲ್ಲ ಕೆಲಸಕ್ಕೂ ಬುನಾದಿ ಒಂದೇ: ಕೆಲಸವನ್ನು ಹೆಜ್ಜೆಗಳಾಗಿ ಬಿಡಿಸುವುದು, ಮಗು ಎಡವುವ ಹೆಜ್ಜೆಯನ್ನು ಗುರುತಿಸುವುದು, ಅಲ್ಲಿಗೆ ಮಾತ್ರ ನೆರವು ಕೊಟ್ಟು ಆ ನೆರವನ್ನು ಕ್ರಮೇಣ ಹಿಂತೆಗೆಯುವುದು. ಮೊದಲ ಹೆಜ್ಜೆಯಿಂದ ಹೊರಡುವುದು ಒಂದು ಬಗೆ. ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಬರುವುದು ಇನ್ನೊಂದು. ಚಡ್ಡಿ ಹಾಕುವುದನ್ನು ಕಲಿಸುವಾಗ ತಾಯಿ ಅದನ್ನು ತೊಡೆಯ ತನಕ ಏರಿಸಿ, ಸೊಂಟಕ್ಕೆ ಎಳೆದುಕೊಳ್ಳುವ ಕೆಲಸವನ್ನಷ್ಟೇ ಮಗುವಿಗೆ ಬಿಡುತ್ತಾಳೆ. ಅದು ಬಂದ ಮೇಲೆ ಮಂಡಿಯಿಂದ, ಆಮೇಲೆ ಪಾದದಿಂದ. ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದೇ ಆಗುವುದರಿಂದ ಚಿಕ್ಕ ಮಕ್ಕಳಿಗೆ ಈ ಎರಡನೆಯ ಬಗೆಯೇ ಒಳ್ಳೆಯದು. ಕೈ ಹಿಡಿದು ಕಲಿಸುವವರು ಮಗುವಿನ ಎದುರಿಗಲ್ಲ, ಬೆನ್ನ ಹಿಂದೆ ಕೂರಬೇಕು. ಆಗ ಇಬ್ಬರ ಕೈಯೂ ಒಂದೇ ದಿಕ್ಕಿನಲ್ಲಿ ಚಲಿಸುತ್ತವೆ.

ಊಟ

ಊಟದ ತರಬೇತಿ ಬಾಯಿಂದಲ್ಲ, ಕೂರುವ ಭಂಗಿಯಿಂದ ಶುರುವಾಗುತ್ತದೆ. ಸೊಂಟ ಅಲುಗಾಡಿದರೆ ಕೈ ಬಾಯಿಗೆ ಸರಿಯಾಗಿ ಹೋಗದು. ಕುರ್ಚಿಯಾದರೆ ಪಾದ ನೆಲಕ್ಕೆ ಊರಿರಬೇಕು. ಪಂಕ್ತಿಯ ಹಾಗೆ ನೆಲದ ಮೇಲೆ ಕೂರುವ ಮನೆಯಲ್ಲಿ ಎರಡು ಗೋಡೆ ಸೇರುವ ಮೂಲೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಕೂರಿಸಿ, ಮುಂದೆ ಎದೆಮಟ್ಟಕ್ಕಿಂತ ತುಸು ಕೆಳಗೆ ಬರುವ ಗಿಡ್ಡ ಮಣೆ ಇಡುತ್ತಾರೆ.

ಕೈಯಲ್ಲಿ ಉಣ್ಣುವುದು ಚಮಚದಲ್ಲಿ ಉಣ್ಣುವುದಕ್ಕಿಂತ ಸುಲಭವೆಂದು ಕಂಡರೂ ಅನ್ನ ಕಲಸಿ ತುತ್ತು ಮಾಡುವುದು ಬೆರಳುಗಳ ಸೂಕ್ಷ್ಮ ಕೆಲಸ. ನಾಲ್ಕು ಬೆರಳು ಒಟ್ಟುಗೂಡಿ ಬಾಗಬೇಕು, ಹೆಬ್ಬೆರಳು ಹಿಂದಿನಿಂದ ತಳ್ಳಬೇಕು, ಮಣಿಕಟ್ಟು ತಿರುಗಬೇಕು. ಆದ್ದರಿಂದ ಪದಾರ್ಥದ ಆಯ್ಕೆಯೇ ಪಾಠದ ಕ್ರಮವಾಗುತ್ತದೆ. ಮೊದಲು ಹರಿದ ದೋಸೆಯ ತುಂಡು. ಆಮೇಲೆ ತಾಯಿ ಕಟ್ಟಿಟ್ಟ ಮೊಸರನ್ನದ ಉಂಡೆಯನ್ನು ಎತ್ತಿ ಬಾಯಿಗಿಡುವುದು. ನಂತರ ಗಟ್ಟಿಯಾಗಿ ಕಲಸಿದ ಹುಳಿಯನ್ನವನ್ನು ತಾನೇ ಕೂಡಿಸುವುದು. ಸಾರು, ತಂಬುಳಿ ಹಾಕಿದ ತೆಳ್ಳನೆಯ ಅನ್ನ ಬೆರಳ ಸಂದಿಯಿಂದ ಜಾರುವುದರಿಂದ ಕೊನೆಗೆ. ಬಾಳೆಎಲೆಗೆ ಅಂಚಿಲ್ಲ, ಅನ್ನ ಹೊರಗೆ ಹೋಗುತ್ತದೆ. ಕಲಿಯುವ ದಿನಗಳಲ್ಲಿ ಎತ್ತರದ ಅಂಚಿನ ತಟ್ಟೆ, ಅದು ಸರಿಯದಂತೆ ಕೆಳಗೊಂದು ಒದ್ದೆ ಬಟ್ಟೆ. ಎಲೆಯೂಟಕ್ಕೆ ಕೂರುವುದು ಈ ಸೀಮೆಯಲ್ಲಿ ನಾಲ್ಕು ಜನರ ನಡುವೆ ಒಬ್ಬನಾಗುವ ಸಂದರ್ಭ. ಹಾಗಾಗಿ ಅದನ್ನು ಗುರಿಪಟ್ಟಿಯಿಂದ ಬಿಡಬಾರದು.

ನುಂಗಲು ಕಷ್ಟಪಡುವ, ಊಟದ ನಡುವೆ ಪದೇ ಪದೇ ಕೆಮ್ಮುವ ಮಗುವನ್ನು ಮೊದಲು ತಜ್ಞರು ಪರೀಕ್ಷಿಸಬೇಕು. ಇಂಥ ಮಗುವನ್ನು ಮಲಗಿಸಿ ಒಳಲೆಯಿಂದ ಕುಡಿಸುವುದು, ತಲೆ ಹಿಂದಕ್ಕೆ ಬಗ್ಗಿಸಿ ಗಂಟಲಿಗೆ ಸುರಿಯುವುದು ಅಪಾಯಕಾರಿ. ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಉಡುಪು

ಬಿಚ್ಚುವುದು ಮೊದಲು, ಹಾಕುವುದು ಆಮೇಲೆ ಬರುತ್ತದೆ. ದೇಹದ ಒಂದು ಪಕ್ಕ ಬಿಗಿಯಾಗಿರುವ ಮಗುವಿಗೆ ಅಂಗಿ ಹಾಕುವಾಗ ತೊಡಕಿರುವ ಕೈ ಮೊದಲು ತೋಳಿಗೆ ಹೋಗಬೇಕು, ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು ಹೊರಬರಬೇಕು. ಈ ಒಂದು ನಿಯಮ ಗೊತ್ತಾದರೆ ಎಷ್ಟೋ ಮನೆಗಳಲ್ಲಿ ಬೆಳಗಿನ ಎಳೆದಾಟ ನಿಲ್ಲುತ್ತದೆ. ಅಂಗಿಯ ಕತ್ತಿನ ಹಿಂಬದಿಗೆ ಬಣ್ಣದ ದಾರದ ಹೊಲಿಗೆ ಹಾಕಿದರೆ ಹಿಂದು-ಮುಂದು ತಿಳಿಯುತ್ತದೆ. ಗುಂಡಿಯ ಬದಲು ವೆಲ್ಕ್ರೋ, ಲಾಡಿಯ ಬದಲು ಇಲಾಸ್ಟಿಕ್ ಬಳಸುವುದು ಸೋಲೊಪ್ಪಿಕೊಂಡಂತಲ್ಲ. ಚಿಕಿತ್ಸೆಯ ಅಂಗೀಕೃತ ಭಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ. ಒದ್ದೆ ಬಟ್ಟೆಯ ಸ್ಪರ್ಶ ಸಹಿಸದ ಆಟಿಸಂ ಮಗುವಿಗೆ ಒಲೆಯ ಬಳಿ ಒಣಗಿಸಿದ, ಹಳೆಯ ಮೆತ್ತನೆಯ ಬಟ್ಟೆಯ ಇನ್ನೊಂದು ಜೊತೆ ಬೇಕು.

ಸ್ನಾನ, ಶೌಚ

ಬಚ್ಚಲಿನ ನುಣುಪು ಕಲ್ಲು, ಬಿಸಿನೀರಿನ ಹಂಡೆ, ಮೆಟ್ಟಿಲು ಇಳಿದು ಹೋಗಬೇಕಾದ ಶೌಚಾಲಯ ಈ ಭಾಗದ ಹಳೆಯ ಮನೆಗಳ ಮುಖ್ಯ ಅಡಚಣೆಗಳು. ಗೋಡೆಗೆ ಹಿಡಿಕೆ, ನೆಲಕ್ಕೆ ಜಾರದ ಚಾಪೆ, ಕೂರಲು ಗಿಡ್ಡ ಸ್ಟೂಲು, ಮಗುವಿನ ಕೈಗೆ ಹಗುರವಾದ ಪ್ಲಾಸ್ಟಿಕ್ ಚೊಂಬು ಕೊಡುವುದು ಸರಳ ಪರಿಹಾರ. ಕುಕ್ಕರಗಾಲಲ್ಲಿ ಕೂರಲಾಗದ ಮಗುವಿಗೆ ನಡುವೆ ತೂತು ಕೊರೆದ ಮರದ ಕುರ್ಚಿಯನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ. ದಿನವೂ ಊಟವಾದ ಸ್ವಲ್ಪ ಹೊತ್ತಿನ ಮೇಲೆ, ಒಂದೇ ಸಮಯಕ್ಕೆ ಕೂರಿಸುವ ಅಭ್ಯಾಸದಿಂದ ಶೌಚದ ತರಬೇತಿ ಆರಂಭವಾಗುತ್ತದೆ.

ಬರವಣಿಗೆ

ಬರವಣಿಗೆ ಬೆರಳಿನ ಕೆಲಸವೆಂದು ತೋರಿದರೂ ಭುಜ ಮತ್ತು ಮೊಣಕೈ ಸ್ಥಿರವಾಗದೆ ಬೆರಳು ಹಿಡಿತಕ್ಕೆ ಬರುವುದಿಲ್ಲ. ಗೋಡೆಯಂಥ ನೆಟ್ಟಗಿನ ಮೇಲ್ಮೈಯ ಮೇಲೆ ಬರೆಸುವುದು ಆ ಸ್ಥಿರತೆಯನ್ನು ಬೆಳೆಸುತ್ತದೆ. ಸರ್ಕಾರಿ ಶಾಲೆಗಳ ನಲಿ-ಕಲಿ ಕೊಠಡಿಯಲ್ಲಿ ಮಕ್ಕಳ ಎತ್ತರಕ್ಕೆ ಗೋಡೆಯ ಮೇಲೆ ಬಳಿದ ಕಪ್ಪು ಹಲಗೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಪಾಟಿ-ಬಳಪವೂ ಅಷ್ಟೇ ಉಪಯುಕ್ತ. ಬಳಪದ ಒರಟು ಉಜ್ಜಾಟದಿಂದ ಕೈಗೆ ಗೆರೆಯ ಅರಿವು ಸಿಗುತ್ತದೆ, ತುಂಡು ಬಳಪ ತಾನಾಗಿಯೇ ಬೆರಳ ತುದಿಯ ಹಿಡಿತ ಕಲಿಸುತ್ತದೆ.

ಕನ್ನಡ ಅಕ್ಷರಗಳಲ್ಲಿ ನೇರ ಗೆರೆಗಿಂತ ಬಾಗು ಗೆರೆ ಹೆಚ್ಚು. ರೋಮನ್ ಲಿಪಿಗಾಗಿ ತಯಾರಾದ, ಕಡ್ಡಿ-ಅಡ್ಡಗೆರೆಗಳಿಂದ ಶುರುವಾಗುವ ಅಭ್ಯಾಸ ಪುಸ್ತಕಗಳು ಕನ್ನಡದ ಮಗುವಿಗೆ ಅರ್ಧ ಮಾತ್ರ ಒದಗುತ್ತವೆ. ವೃತ್ತ, ಅರೆವೃತ್ತ, ಸುರುಳಿ, ದಿಕ್ಕು ಬದಲಿಸುವ ಅಲೆಗೆರೆ ಇಲ್ಲಿನ ಪೂರ್ವಸಿದ್ಧತೆ. ಆಕಾರದ ಹೋಲಿಕೆ ಹಿಡಿದು ರ, ಗ, ಸ, ದ, ಅ ಎಂದು ಆರಂಭಿಸುವ ನಲಿ-ಕಲಿಯ ಕ್ರಮ ವರ್ಣಮಾಲೆಯ ಕ್ರಮಕ್ಕಿಂತ ಚಿಕಿತ್ಸೆಗೆ ಹೆಚ್ಚು ಅನುಕೂಲ. ಒತ್ತಕ್ಷರ ಗೆರೆಯ ಕೆಳಗೆ, ಗುಣಿತದ ಗುರುತು ಮೇಲೆ ಅಥವಾ ಬಲಕ್ಕೆ ಬರುವುದರಿಂದ ಜಾಗದ ಅಂದಾಜು ಇಲ್ಲದ ಮಗುವಿಗೆ ಸಾಲುಗಳ ನಡುವೆ ಹೆಚ್ಚು ಅಂತರ ಬಿಟ್ಟ ಪುಸ್ತಕ ಬೇಕು. ಪೆನ್ಸಿಲ್ ಜಾರಿದರೆ ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತುತ್ತಾರೆ.

ಆಟ ಮತ್ತು ಮನೆಗೆಲಸ

ಚಿಕಿತ್ಸಾ ಕೇಂದ್ರಗಳು ದುಬಾರಿ ಉಪಕರಣಗಳಿಂದ ಕೊಡುವ ಅನುಭವದ ದೊಡ್ಡ ಪಾಲು ಈ ಸೀಮೆಯ ಅಂಗಳದಲ್ಲೇ ಇದೆ. ಅಡಿಕೆ ಹಾಳೆಯ ಮೇಲೆ ಒಬ್ಬ ಕೂತು ಇನ್ನೊಬ್ಬ ಎಳೆಯುವ ಆಟದಲ್ಲಿ ಕೂತವನಿಗೆ ಸಮತೋಲದ, ಎಳೆಯುವವನಿಗೆ ಸ್ನಾಯು-ಕೀಲುಗಳ ತರಬೇತಿ. ಚೆನ್ನೆಮಣೆಯ ಗುಳಿಗೆ ಒಂದೊಂದೇ ಕಾಳು ಬಿಡುವಾಗ ಉಳಿದವನ್ನು ಅಂಗೈಯಲ್ಲಿ ಹಿಡಿದಿಡಬೇಕು; ಕೈಯೊಳಗೇ ವಸ್ತುವನ್ನು ಸರಿಸುವ ಈ ಕೌಶಲಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ. ಹಲಸಿನ ಹಪ್ಪಳದ ಕಾಲದಲ್ಲಿ ಹಿಟ್ಟಿನ ಉಂಡೆ ಕಟ್ಟುವುದು, ಬಾಳೆನಾರಿನಲ್ಲಿ ಹೂ ಕಟ್ಟುವುದು ಎರಡೂ ಕೈ ಜೊತೆಗೂಡುವ ಕೆಲಸಗಳು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಕ್ಕಳ ಕೈಗೆ ಸಲ್ಲದು. ಸುಲಿದ ಅಡಿಕೆಯನ್ನು ಹೆಕ್ಕಿ ಬುಟ್ಟಿಗೆ ಹಾಕುವುದು ಆದೀತು. ಇವೆಲ್ಲ ಮನೆಯವರ ನಡುವೆ ಕೂತು ಮಾಡುವ ಕೆಲಸಗಳಾದ್ದರಿಂದ ಮಗುವಿಗೆ ಬೇರೆ ಸಮಯ ಹೊಂದಿಸಬೇಕಾಗಿಲ್ಲ. ಗಳಿಕೆಗಾಗಿ ಮಕ್ಕಳನ್ನು ದುಡಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ವಿಧಾನಗಳು ಮತ್ತು ಸಾಕ್ಷ್ಯ

ಬಳಕೆಯಲ್ಲಿರುವ ವಿಧಾನಗಳನ್ನು ಎರಡು ಗುಂಪಾಗಿ ನೋಡಬಹುದು. ಒಂದು, ಬೇಕಾದ ಕೆಲಸವನ್ನೇ ನೇರವಾಗಿ ಅಭ್ಯಾಸ ಮಾಡಿಸುವುದು. ಗುರಿನಿರ್ದೇಶಿತ ತರಬೇತಿ, ಮಗುವೇ ಗುರಿ, ಉಪಾಯ, ಪ್ರಯತ್ನ, ಪರಿಶೀಲನೆಗಳ ಮೂಲಕ ದಾರಿ ಹುಡುಕುವ ಕೆನಡಾದ ‘ಕೋ-ಆಪ್’ ಕ್ರಮ, ಚೆನ್ನಾಗಿರುವ ಕೈಯನ್ನು ಕೆಲ ಹೊತ್ತು ಕಟ್ಟಿಟ್ಟು ದುರ್ಬಲ ಕೈಯನ್ನು ಬಳಸುವಂತೆ ಮಾಡುವ ಕ್ರಮ, ಎರಡೂ ಕೈಗಳ ತೀವ್ರ ತರಬೇತಿ ಈ ಗುಂಪಿನವು. ಇನ್ನೊಂದು, ಮೂಲದ ಸಾಮರ್ಥ್ಯವನ್ನು ಸರಿಪಡಿಸಿದರೆ ಕೆಲಸ ತಾನೇ ಬರುತ್ತದೆ ಎಂಬ ನಂಬಿಕೆಯವು. ಬೊಬಾತ್ ಕ್ರಮವೂ ಇಂದ್ರಿಯ ಸಮನ್ವಯವೂ ಇಲ್ಲಿಗೆ ಸೇರುತ್ತವೆ. ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು 2013 ಹಾಗೂ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಗಳು ಮೊದಲ ಗುಂಪಿಗೆ ಗಟ್ಟಿ ಸಾಕ್ಷ್ಯವಿದೆಯೆಂದೂ ಎರಡನೆಯದಕ್ಕೆ ಸಾಕ್ಷ್ಯ ದುರ್ಬಲವೆಂದೂ ತೋರಿಸಿವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಇಂದ್ರಿಯ ಚಿಕಿತ್ಸೆಯ ಪರಿಣಾಮದ ಕುರಿತ ಸಂಶೋಧನೆ ಸೀಮಿತವೆಂದು ಎಚ್ಚರಿಸಿತು. ಸದ್ದು, ಸ್ಪರ್ಶಗಳಿಂದ ಮಗುವಿಗಾಗುವ ಹಿಂಸೆ ನಿಜವಾದದ್ದೇ. ಅದಕ್ಕೆ ತಕ್ಕಂತೆ ಮನೆ, ಶಾಲೆಗಳ ಏರ್ಪಾಟು ಬದಲಿಸುವುದರಿಂದ ನೆಮ್ಮದಿ ಸಿಗುತ್ತದೆ. ಆದರೆ ತೂಗುಯ್ಯಾಲೆಯಲ್ಲಿ ತೂಗಿದ ಮಾತ್ರಕ್ಕೆ ಬರವಣಿಗೆ ಸುಧಾರಿಸುತ್ತದೆಂದು ನಂಬಿ ಹಣ ಸುರಿಯುವುದಕ್ಕೆ ಆಧಾರ ಸಾಲದು.

ಸೀಮೆಯ ಪರಿಸ್ಥಿತಿ

ಇಲ್ಲಿನ ಮನೆಗಳು ತೋಟದ ಅಂಚಿನಲ್ಲಿ ಒಂದಕ್ಕೊಂದು ದೂರ. ಬಸ್ಸು ಹಿಡಿಯಲು ಕಾಡುದಾರಿಯಲ್ಲಿ ನಡೆದು, ಹಳ್ಳಗಳ ಮೇಲಿನ ಕಾಲುಸಂಕ ದಾಟಬೇಕಾದ ಊರುಗಳಿವೆ. ಮಳೆಗಾಲದಲ್ಲಿ ಮಗುವನ್ನು ಎತ್ತಿಕೊಂಡು ಸಂಕ ದಾಟುವುದು ಆಗದ ಮಾತು. ಹತ್ತಿರದ ದೊಡ್ಡ ನಗರವಾದ ಹುಬ್ಬಳ್ಳಿ ಶಿರಸಿಯಿಂದ ಸುಮಾರು 100 ಕಿ.ಮೀ. ಮಣಿಪಾಲ ಘಟ್ಟದ ಕೆಳಗೆ, ಇನ್ನೂ ದೂರ. ವಾರಕ್ಕೆರಡು ದಿನ ಕೇಂದ್ರಕ್ಕೆ ಬರಬೇಕೆಂಬ ನಗರದ ಪದ್ಧತಿ ಇಲ್ಲಿ ನಡೆಯುವಂಥದ್ದಲ್ಲ. ತಿಂಗಳಿಗೊಮ್ಮೆ ತಜ್ಞರ ಭೇಟಿ, ನಡುವಿನ ದಿನಗಳಲ್ಲಿ ತಾಯಿ, ಅಜ್ಜಿ, ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿ ಮುಂದುವರಿಯುವ ಮನೆಪಾಠ ಇದೇ ಇಲ್ಲಿ ನಿಲ್ಲಬಲ್ಲ ಮಾದರಿ. ಡೇವಿಡ್ ವರ್ನರ್ 1987ರಲ್ಲಿ ಮೆಕ್ಸಿಕೋದ ಹಳ್ಳಿಗಳ ಅನುಭವದಿಂದ ಬರೆದ ಅಂಗವಿಕಲ ಮಕ್ಕಳ ಕೈಪಿಡಿಯೂ ವಿಶ್ವ ಆರೋಗ್ಯ ಸಂಸ್ಥೆಯ ಸಮುದಾಯ ಆಧಾರಿತ ಪುನರ್ವಸತಿ ಕಾರ್ಯಕ್ರಮವೂ ಹೇಳುವುದು ಇದನ್ನೇ.

ಈಗಿನ ಸ್ಥಿತಿ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ನಿಗದಿತ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ನೀಡಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ತೊಡಕು ಕಂಡವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಉತ್ತರ ಕನ್ನಡದ ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗಿರುವುದರಿಂದ ಈ ಮೂರು ತಾಲ್ಲೂಕುಗಳ ಮನೆಗಳಿಗೆ ಆ ದಾರಿ ಹತ್ತಿರದ್ದಲ್ಲ. ಆದರೆ ಶಾಲಾ ಆಡಳಿತಕ್ಕೆ ಶಿರಸಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಶಾಲೆಗೆ ಬರಲಾಗದ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯ ಗೃಹಾಧಾರಿತ ಶಿಕ್ಷಣ ಸಿಗುತ್ತದೆ. ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು ಮನೆಗೆ ಹೋಗಿ ಕಲಿಸುತ್ತಾರೆ. ಗ್ರಾಮ ಪಂಚಾಯತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಶಿರಸಿಯ ಅಜಿತ ಮನೋಚೇತನಾ ಸಂಸ್ಥೆ ಬೌದ್ಧಿಕ ತೊಡಕಿನ ಮಕ್ಕಳಿಗಾಗಿ ವಿಶೇಷ ಶಾಲೆ ನಡೆಸುತ್ತಿದೆ. ಆಟಿಸಂ, ಮಿದುಳು ವಾತ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ 1 ಲಕ್ಷ ರೂಪಾಯಿವರೆಗಿನ ವೆಚ್ಚ ಭರಿಸುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ. ಅರ್ಹರಾದ ಎಲ್ಲ ಮನೆಗಳೂ ಇದಕ್ಕೆ ಅರ್ಜಿ ಹಾಕುವಂತೆ ಮಾಡುವುದು ಪಂಚಾಯತಿ ಮಟ್ಟದಲ್ಲೇ ಆಗಬಹುದಾದ ಕೆಲಸ.

ಅಂಗನವಾಡಿಯಲ್ಲಿ ವಿಕಲಚೇತನ ಮಕ್ಕಳನ್ನು ಗುರುತಿಸಿ, ಸೇರಿಸಿಕೊಂಡು, ಮುಂದಕ್ಕೆ ಕಳಿಸುವ ಕ್ರಮವನ್ನು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯಿದೆ ಔದ್ಯೋಗಿಕ ಚಿಕಿತ್ಸೆಗೆ ಶಾಸನಬದ್ಧ ಮಾನ್ಯತೆ ನೀಡಿ, ಚಿಕಿತ್ಸಕರ ನೋಂದಣಿಗೆ ದಾರಿ ಮಾಡಿದೆ. ಪದವೀಧರರು ಬಹುಪಾಲು ನಗರಗಳಲ್ಲೇ ಉಳಿಯುವುದರಿಂದ ದೂರದ ಮನೆಗಳಿಗೆ ಈಗ ಆಸರೆಯಾಗಿರುವುದು ಮೊಬೈಲ್. ಮಗು ಉಣ್ಣುವ, ಬಟ್ಟೆ ಹಾಕುವ ವಿಡಿಯೊವನ್ನು ಮನೆಯವರು ತೆಗೆದು ಕಳಿಸಿದರೆ ಚಿಕಿತ್ಸಕರು ಮುಂದಿನ ಹೆಜ್ಜೆ ಸೂಚಿಸಬಹುದು. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಪೇಟೆಗೆ ಹೋದ ದಿನ ಕಳಿಸುವ ಇಂಥ ವಿಡಿಯೊ ನೇರ ಕರೆಗಿಂತ ಹೆಚ್ಚು ಪ್ರಯೋಜನಕಾರಿ.